ಕೊಲ್ಹಾರದ ಸೇತುವೆಯನ್ನು ಅವ್ವ ನಡೆದು ದಾಟಿದ್ದು

ದಿನ ತುಂಬುವ ಮೊದಲೇ ತಂಗಿಗೆ ಹೆರಿಗೆ ನೋವು ಶುರುವಾಗಿದೆ ಎಂದು ಬೆಳಿಗ್ಗೆ ಅವಳ ಗಂಡನ ಫೋನ್ ಬಂತು. "ಬಾಗಲಕೋಟಿ ದವಾಖಾನಿಗೆ ಕರಕೊಂಡು ಹೊಂಟೀನ್ರಿ ಅಕ್ಕಾರ. ಅತ್ತಿಯವರನ್ನ ಕರಕೊಂಡು ಲಗೂನ ಬರ್ರಿ."

ಅವ್ವ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಎದ್ದಳು. ನಮ್ಮೂರು ಉಟಗಿಯಲ್ಲಿ ಜೀಪು ಹಿಡಿದು, ವಿಜಯಪುರದಲ್ಲಿ ಬಸ್ಸು ಹತ್ತಿದೆವು. ಕೊಲ್ಹಾರ ದಾಟಿ ಕೃಷ್ಣಾ ನದಿಯ ಸೇತುವೆ ಏರಿ ತುಸು ದೂರ ಹೋಗುವಷ್ಟರಲ್ಲಿ ಬಸ್ಸು ನಿಂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಿದ್ದಿತ್ತು.

ಎರಡೂ ಬದಿಗೆ ಕಣ್ಣು ಹಾಯುವಷ್ಟೂ ನೀರು. ಸಣ್ಣವಳಿದ್ದಾಗ ಬಾವಿಗೆ ಬಿದ್ದಿದ್ದ ಅವ್ವನಿಗೆ ನೀರೆಂದರೆ ಜೀವಭಯ. ಕಿಟಕಿಗೆ ಸೆರಗು ಅಡ್ಡ ಹಿಡಿದು ಕೂತಿದ್ದಳು. ನಾನು ಫೋನ್ ಮಾಡುತ್ತಲೇ ಇದ್ದೆ, ಯಾರೂ ಎತ್ತಲಿಲ್ಲ. ಕೂತಲ್ಲಿ ಕೂರಲಾಗದೆ ಬಾಗಿಲಿಗೆ ಹೋಗಿ ಬಂದೆ. ಒಮ್ಮೆಲೇ ಅವ್ವ ಎದ್ದಳು.

"ಇಳಿ. ನಡಕೊಂತ ಹೋಗೂಣು."

ಕಂಡಕ್ಟರ್ ತಡೆದ. "ಸೇತುವಿ ಭಾಳ ಉದ್ದ ಐತ್ರಿ ಅವ್ವಾರ. ಕುಂದ್ರಿ."

"ಅಲ್ಲಿ ಮಗಳು ಒದ್ದಾಡಾಕತ್ಯಾಳ. ನಾ ಹ್ಯಾಂಗ ಕುಂದ್ರಲೋ ಯಪ್ಪಾ?"

ನನ್ನ ಮುಂಗೈ ಬಿಗಿಯಾಗಿ ಹಿಡಿದು, ಡಾಂಬರು ಬಿಟ್ಟು ಬೇರೇನೂ ನೋಡದೆ ನಡೆದಳು. ನಿಂತ ಲಾರಿಗಳನ್ನು ದಾಟಿದೆವು, ಬಿದ್ದ ಟ್ರ್ಯಾಕ್ಟರನ್ನೂ ದಾಟಿದೆವು. ಆಮೇಲೆ ಎದುರಿನಿಂದ ಬಂದ ಟಿಪ್ಪರ್ ಒಂದು ಬ್ರೇಕ್ ಹಾಕಿದಾಗ ಕಾಲಡಿಯ ಸೇತುವೆ ನಡುಗಿತು. ಅವ್ವ ಅಲ್ಲೇ ಕುಸಿದು ಕೂತಳು.

"ನನ್ನ ಕೈಲೆ ಆಗೂದಿಲ್ಲವ್ವಾ. ನೀ ಹೋಗು."

ಬಿಟ್ಟು ಹೋಗುವುದು ಹೇಗೆ? ಎಳೆದರೂ ಏಳಲಿಲ್ಲ. ಆಗಲೇ ಫೋನ್ ಬಂತು. ಗಾಳಿಯಲ್ಲಿ ತಂಗಿಯ ಗಂಡ ಕೂಗುವುದಷ್ಟೇ ಕೇಳಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ. ಅವ್ವ ಫೋನ್ ಕಸಿದುಕೊಂಡು, ಸೆರಗಿನೊಳಗೆ ತಲೆ ಹುದುಗಿಸಿ ಕಿವಿಗೊತ್ತಿಕೊಂಡಳು.

"ಕೂಸು ಅಳಾಕತ್ತೈತಿ," ಎಂದಳು ನನಗೆ. ಮರುಕ್ಷಣ ಫೋನಿಗೆ ಚೀರಿದಳು: "ನನ್ನ ಮಗಳು ಹ್ಯಾಂಗದಾಳ? ಅದನ್ನ ಹೇಳ್ರಿ ಮೊದಲ!"

ಚಲೋ ಇದ್ದಾಳೆ ಎಂದನಂತೆ. ಅವ್ವನಿಗೆ ನಂಬಿಕೆ ಬರಲಿಲ್ಲ. ಎದ್ದು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಆಚೆ ದಂಡೆಯವರೆಗೂ ನನಗಿಂತ ಮುಂದೆ ನಡೆದಳು. ಅಲ್ಲಿ ಒಂದು ಟಂಟಂ ಆಟೋ ಸಿಕ್ಕಿತು.

ದವಾಖಾನೆಯಲ್ಲಿ ತಂಗಿ ನಿದ್ದೆಯಲ್ಲಿದ್ದಳು. ಕೂಸಿನ ತೂಕ ಕಡಿಮೆಯೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅವ್ವ ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದಳು. ನರ್ಸ್ ಕುರ್ಚಿ ಕೊಟ್ಟರೂ ಕೂರದೆ, ಮಗಳ ಮಂಚಕ್ಕೂ ಮೊಮ್ಮಗಳ ಕೋಣೆಗೂ ಸಂಜೆಯವರೆಗೆ ಅಡ್ಡಾಡಿದಳು.