ಗಂಗರಾಜು ಹೆಂಡತಿಯ ಮುಖ ಅಳೆದದ್ದು

ನಮ್ಮ ಕಡೆ ಬರೀ ಗಂಗರಾಜು ಎಂದರೆ ಯಾರಿಗೂ ತಕ್ಷಣ ಗೊತ್ತಾಗುವುದಿಲ್ಲ, ಕೊಬ್ಬರಿ ಗಂಗರಾಜು ಎನ್ನಬೇಕು. ಕಿಬ್ಬನಹಳ್ಳಿ ಕ್ರಾಸಿನಿಂದ ಎರಡು ಮೈಲಿ ಒಳಗಿರುವ ನಮ್ಮೂರಿನಲ್ಲಿ ಅವನಿಗೆ ಎಂಬತ್ತು ಮರದ ತೋಟವಿದೆ, ಎರಡು ಸೀಮೆಹಸು ಇವೆ. ಆದರೆ ಅವನ ಹೆಸರಿರುವುದು ಕೈಯಲ್ಲಿ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ, ಒಳಗೆ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಾನೆ. ಆಮೇಲೆ ಕಾಯಿಯನ್ನು ಅಂಗೈಯಲ್ಲಿ ತಿರುಗಿಸುತ್ತ, ಮಚ್ಚಿನ ಹಿಂಬದಿಯಿಂದ ಅದರ ನಡುವಿಗೆ ಟಕ್ ಟಕ್ ಎಂದು ಮೂರು ಏಟು. ಚಿಪ್ಪು ಎರಡು ಹೋಳಾಗಿ ಬಿದ್ದಾಗ ಉಂಡೆಯ ಮೇಲೆ ಒಂದು ಗೀರೂ ಇರುವುದಿಲ್ಲ. ಸುತ್ತಲ ನಾಲ್ಕು ಹಳ್ಳಿಯವರು ಕೊಬ್ಬರಿ ಒಡೆಸುವಾಗ ಅವನಿಗೇ ಹೇಳಿಕಳಿಸುತ್ತಾರೆ.

ಇಂಥ ಮನುಷ್ಯ ಐವತ್ತಾರನೇ ವಯಸ್ಸಿನಲ್ಲಿ ಒಂದು ಪೆನ್ಸಿಲ್ ಹಿಡಿದುಕೊಂಡು ನನ್ನ ಮನೆ ಬಾಗಿಲಿಗೆ ಬಂದ. ನಾನು ಸದಾಶಿವಯ್ಯ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೂವತ್ತೊಂದು ವರ್ಷ ಡ್ರಾಯಿಂಗ್ ಪಿರಿಯಡ್ಡನ್ನು ಲೆಕ್ಕದ ಮೇಷ್ಟ್ರುಗಳ ಬಾಯಿಂದ ಕಾಪಾಡಿಕೊಂಡು ಬಂದವನು. ಹಾಗಾಗಿ ನನಗೆ ಮೂಗಿನ ತುದಿಯಲ್ಲೇ ಕೋಪ. ಮೂಗೂ ಸ್ವಲ್ಪ ಉದ್ದವೇ. ಶಾಲೆಯ ಪಾಯಖಾನೆ ಗೋಡೆಗಳ ಮೇಲೆ ಹುಡುಗರು ಅದನ್ನು ತಲೆಮಾರುಗಳಿಂದ ದಾಖಲಿಸಿದ್ದಾರೆ.

"ಮೇಷ್ಟ್ರೇ, ಒಂದು ಮುಖ ಬರೆಯೋದು ಹೇಳ್ಕೊಡಿ" ಎಂದ ಗಂಗರಾಜು.

"ಯಾರ ಮುಖಾನಪ್ಪ?"

"ನಮ್ಮನೆಯವಳ್ದು."

ನಾನು ನಗಲಿಲ್ಲ. ಯಾಕೆಂದರೆ ಹಿಂದಿನ ದಿನ ಡೇರಿಯಲ್ಲಿ ನಡೆದದ್ದು ಆಗಲೇ ಊರಿಗೆಲ್ಲ ಗೊತ್ತಾಗಿತ್ತು.

ಗಂಗರಾಜುವಿನ ಹೆಂಡತಿ ಸುನಂದಮ್ಮ ಆ ವರ್ಷ ನಮ್ಮೂರ ಮಹಿಳಾ ಹಾಲು ಸಂಘದ ಅಧ್ಯಕ್ಷೆಯಾಗಿದ್ದಳು. ಅಧ್ಯಕ್ಷೆಯಾದವರ ಫೋಟೊಗೆ ಕಟ್ಟು ಹಾಕಿಸಿ ಡೇರಿಯ ಗೋಡೆಗೆ ತೂಗುಹಾಕುವುದು ಅಲ್ಲಿನ ಪದ್ಧತಿ. ಹಿಂದಿನ ನಾಲ್ವರು ಸಾಲಾಗಿ ಗೋಡೆಯ ಮೇಲಿದ್ದಾರೆ. ಆದರೆ ಸುನಂದಮ್ಮನಿಗೆ ಹುಟ್ಟಿನಿಂದ ಒಂದು ತಾಪತ್ರಯ: ಯಾರಾದರೂ ಗುರಿಯಿಟ್ಟು ಮುಖ ನೋಡಿದರೆ ಅವಳ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮದುವೆ ಫೋಟೊದಲ್ಲಿ ಕಣ್ಣು ಮುಚ್ಚಿದ್ದಾಳೆ, ಮಗಳ ಮದುವೆಯ ಫೋಟೊದಲ್ಲಿ ಮುಚ್ಚಿದ್ದಾಳೆ, ಆಧಾರ್ ಕಾರ್ಡಿನಲ್ಲಿ ಅರೆಬರೆ ಮುಚ್ಚಿದ್ದಾಳೆ. ಸಂಘದ ಕಾರ್ಯದರ್ಶಿ ವನಜಾಕ್ಷಿ ಮೊಬೈಲಿನಲ್ಲಿ ಒಂದೇ ಸಮನೆ ನಲವತ್ತು ಫೋಟೊ ಹೊಡೆದು ನೋಡಿದಳು. ಮೂವತ್ತೇಳರಲ್ಲಿ ಮುಚ್ಚಿತ್ತು, ಉಳಿದ ಮೂರರಲ್ಲಿ ಹಾವು ಕಂಡವಳ ಹಾಗೆ ಇಷ್ಟಗಲ ಬಿಟ್ಟಿತ್ತು. ಸ್ಟುಡಿಯೋದವನೊಬ್ಬ ಕಂಪ್ಯೂಟರಿನಲ್ಲಿ ಕಣ್ಣು ತೆರೆಸಿಕೊಡುತ್ತೇನೆಂದು ಬೇರೆ ಯಾರದೋ ಕಣ್ಣು ತಂದು ಕೂರಿಸಿದ. ಸುನಂದಮ್ಮನ ಮುಖದ ಹಿಂದೆ ನಿಂತು ಯಾವಳೋ ಇಣುಕಿದಂತಿತ್ತು.

ಕೊನೆಗೆ ಇದ್ದದ್ದರಲ್ಲಿ ಒಂದನ್ನು, ಕಣ್ಣು ಮುಚ್ಚಿದ್ದನ್ನೇ, ಕಟ್ಟು ಹಾಕಿಸಿ ಗೋಡೆಗೆ ಹಾಕಿದರು. ಮರುದಿನ ಬೆಳಿಗ್ಗೆ ಹಾಲು ಹಾಕಲು ಬಂದ ಬೋರಜ್ಜಿ ಅದನ್ನು ನೋಡಿ, ಮುಡಿಯಲ್ಲಿದ್ದ ಕನಕಾಂಬರ ತೆಗೆದು ಕಟ್ಟಿನ ಮೇಲಿಟ್ಟು, "ಯಾವಾಗ ಹೋದ್ಲಮ್ಮ? ನೆನ್ನೆ ಇನ್ನೂ ಹಾಲು ತಂದಿದ್ಲಲ್ಲ" ಎಂದು ಕಣ್ಣೊರೆಸಿಕೊಂಡಳಂತೆ. ಸುನಂದಮ್ಮ ಹಿಂದೆಯೇ ಕ್ಯಾನು ಹಿಡಿದು ನಿಂತಿದ್ದಳು. ಡೇರಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಸುನಂದಮ್ಮನೂ ನಕ್ಕಳು. ನಕ್ಕು, ಫೋಟೊ ಇಳಿಸಿ, "ಆ ಜಾಗ ಖಾಲಿ ಇರ್ಲಿ ಬುಡು. ಬದುಕಿರೋರ ಸಾಲಲ್ಲಿ ನನ್ನ ಮುಖ ಕೂರಲ್ಲ" ಎಂದಳು.

ಸಂಘಕ್ಕೆ ಸ್ವಂತ ಕಟ್ಟಡವಾಗಲಿ ಎಂದು ಆರು ವರ್ಷ ಕಚೇರಿಗಳಿಗೆ ಅಲೆದವಳು ಅವಳು. ವಾರ್ಷಿಕ ಸಭೆಗೆ ಇನ್ನು ಹದಿನೈದು ದಿನ. ಆ ಸಭೆಯಲ್ಲಿ ಅವಳೊಬ್ಬಳ ಮುಖವೇ ಗೋಡೆಯ ಮೇಲಿಲ್ಲವೆಂದರೆ ಗಂಗರಾಜುಗೆ ತಡೆಯಲಾರದ ಸಂಕಟವಾಯಿತು. ಅದನ್ನು ನನ್ನ ಮುಂದೆ ನೇರವಾಗಿಯೇ ಹೇಳಿದ.

"ಹಾಗಾದರೆ ನಾನೇ ಬರೆದುಕೊಡುತ್ತೇನೆ ಬಾ" ಎಂದು ಸಂಜೆಯೇ ಅವರ ಮನೆಗೆ ಹೋದೆ. ಸುನಂದಮ್ಮ ರೇಷ್ಮೆ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಳು. ನನ್ನ ಪೆನ್ಸಿಲ್ ಕಾಗದ ಮುಟ್ಟಿತೋ ಇಲ್ಲವೋ, ರೆಪ್ಪೆ ಬಿತ್ತು.

"ಕಣ್ಣು ಬಿಡಮ್ಮ."

"ಬಿಟ್ಟೇ ಇದೀನಲ್ಲ ಮೇಷ್ಟ್ರೇ" ಎಂದಳು, ಕಣ್ಣು ಮುಚ್ಚಿಕೊಂಡೇ.

ಅರ್ಧ ಗಂಟೆಗೆ ನನ್ನ ತಾಳ್ಮೆ ಮುಗಿಯಿತು. ಗಂಗರಾಜು ನನ್ನನ್ನು ಬೀದಿಯವರೆಗೆ ಬಿಡಲು ಬಂದು, "ಇದು ನಾನೇ ಮಾಡ್ಬೇಕು ಕಣ್ರೀ. ನನ್ನ ಮುಂದೆ ಅವಳು ಕಣ್ಣು ಬಿಡ್ತಾಳೆ. ದಿನಕ್ಕೆ ಹತ್ತು ಸತಿ, ಬಯ್ಯುವಾಗ" ಎಂದ.

ಮೂರನೇ ದಿನ ತನ್ನ ಮೊದಲ ಚಿತ್ರ ತಂದ. ತಲೆಗೂದಲಿನ ಕೆಳಗೇ ಕಣ್ಣು. ಅಲ್ಲಿಂದ ಕೆಳಗೆ ಮುಖ ಇಳಿದಿತ್ತು, ಇಳಿದಿತ್ತು, ಕಾಗದ ಮುಗಿಯುವವರೆಗೂ ಇಳಿದಿತ್ತು.

"ಸುನಂದಮ್ಮ ನೋಡಿದಳಾ?"

"ನೋಡಿದ್ಲು. ಇದು ಯಾವ ಕುದುರೆ ಅಂದ್ಲು. ಆಮೇಲೆ, ಹಣೇನೇ ಇಲ್ವಲ್ಲ, ಕುಂಕುಮ ಎಲ್ಲಿಟ್ಕೊಳ್ಲಿ ಅಂದ್ಲು."

ಹೊಸದಾಗಿ ಮುಖ ಬರೆಯುವವರೆಲ್ಲ ಕಣ್ಣನ್ನು ಮೇಲೆ ಇಡುತ್ತಾರೆ. ಆದರೆ ಇಷ್ಟು ಮೇಲೆ ಇಟ್ಟವರನ್ನು ನಾನು ಕಂಡಿರಲಿಲ್ಲ. ಯಾಕಪ್ಪ ಹೀಗೆ ಎಂದು ಕೇಳಿದರೆ, ಚೀಲದಿಂದ ಸುಲಿದ ಕಾಯಿಯೊಂದನ್ನು ತೆಗೆದು ಜಗಲಿಯ ಮೇಲಿಟ್ಟ. ಅದನ್ನು ಎದುರಿಗಿಟ್ಟುಕೊಂಡು ಬರೆದಿದ್ದನಂತೆ! ಮೇಲೆ ಜುಟ್ಟು, ಜುಟ್ಟಿನ ಬುಡದಲ್ಲೇ ಕಣ್ಣು. ನಲವತ್ತು ವರ್ಷದಿಂದ ಲಕ್ಷಗಟ್ಟಲೆ ಕಾಯಿಗಳ ಕಣ್ಣು ನೋಡಿದವನಿಗೆ ಕಣ್ಣಿರುವ ಜಾಗ ಅದೇ ಎನ್ನುವುದರಲ್ಲಿ ಅನುಮಾನವೇ ಬಂದಿರಲಿಲ್ಲ. ಮೂರನೇ ಕಣ್ಣು ಬರೆಯದೆ ಬಿಟ್ಟಿದ್ದಾನಲ್ಲ, ಅದೇ ನಮ್ಮ ಪುಣ್ಯ.

"ಕಣ್ಣು ಇರೋದು ತಲೆಯ ಮಧ್ಯದಲ್ಲಿ ಕಣಯ್ಯ. ನೆತ್ತಿಯಿಂದ ಗಲ್ಲದವರೆಗೆ ಅಳೆದು ಅರ್ಧ ಮಾಡು, ಅಲ್ಲಿ" ಎಂದೆ.

"ಅರ್ಧದಲ್ಲಿ? ಅರ್ಧದಲ್ಲಿರೋದು ಮೂಗು ಮೇಷ್ಟ್ರೇ."

ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಹೆಡ್‌ಮಾಸ್ಟರರೂ ನನಗೆ ಹೀಗೆ ಎದುರಾಡಿರಲಿಲ್ಲ. ನೀನೇ ಅಳೆದು ನೋಡು ಎಂದು ಗದರಿಸಿದೆ. ಅವನು ಮೂಲೆಯಲ್ಲಿದ್ದ ಪೊರಕೆಯಿಂದ ಒಂದು ಕಡ್ಡಿ ಎಳೆದು ನನ್ನ ಮುಖಕ್ಕೇ ಹಿಡಿದ. ನನ್ನದು ಬೋಳು ತಲೆಯಾದ್ದರಿಂದ ನೆತ್ತಿ ಹುಡುಕುವ ಕಷ್ಟವಿರಲಿಲ್ಲ. ಗಲ್ಲದ ಹತ್ತಿರ ಉಗುರಿನಿಂದ ಗುರುತು ಮಾಡಿ, ಕಡ್ಡಿಯನ್ನು ಸರಿಯಾಗಿ ಎರಡಾಗಿ ಮಡಿಸಿ, ಮತ್ತೆ ನನ್ನ ಮುಖಕ್ಕೆ ಹಿಡಿದ. ಮಡಿಕೆ ನೇರವಾಗಿ ಕಣ್ಣಿನ ಮೇಲೆ ಬಂತು.

"ಅಯ್ಯೋ ಶಿವನೇ! ಇದು ಕಾಯಿಗೆ ಏಟು ಹಾಕೋ ಜಾಗ!" ಎಂದ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಕಣ್ಣು ಮುಚ್ಚಿಕೊಂಡು ನಡು ಹುಡುಕಬಲ್ಲ ಮನುಷ್ಯನಿಗೆ ಇನ್ನು ಅದನ್ನು ಹೇಳಿಕೊಡುವುದೇ ಬೇಕಿರಲಿಲ್ಲ. ಕೂದಲಿನ ಅಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗಲ್ಲ, ಮೂರೂ ಹೆಚ್ಚುಕಡಿಮೆ ಸಮ ಎಂದೆ. ಕೂದಲಿನ ಅಂಚು ನನಗೆ ಹಿಂದೆ ಎಲ್ಲಿತ್ತೆಂದು ನೆನಪು ಮಾಡಿಕೊಂಡು ತೋರಿಸಿದೆ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ, ಹುಬ್ಬಿನಿಂದ ಮೂಗಿನ ಬುಡದವರೆಗೆ ಕಿವಿ. ಎಲ್ಲಕ್ಕೂ ಕಡ್ಡಿಯ ಮೇಲೆ ಉಗುರಿನ ಗುರುತು ಹಾಕಿಕೊಂಡು ಹೋದ.

ಒಂದು ವಾರ ಅವನ ಕಾಟ ಊರಿಗೆಲ್ಲ ಹತ್ತಿತು. ಬಸ್‌ಸ್ಟಾಪಿನಲ್ಲಿ ನಿಂತವರ ಮುಖವನ್ನು ದೂರದಿಂದಲೇ ಹೆಬ್ಬೆರಳೆತ್ತಿ ಅಳೆಯುತ್ತಿದ್ದ. ತನ್ನ ಸೀಮೆಹಸುವಿನ ಕಣ್ಣೂ ನಡುವಿನಲ್ಲಿದೆಯೇ ಎಂದು ನೋಡಲು ಹೋಗಿ ಒದೆಸಿಕೊಂಡ. ಎಂಟನೇ ದಿನ ಚಿತ್ರ ತಂದಾಗ ನಾನು ದಂಗಾದೆ. ಕಣ್ಣು ಕಣ್ಣಿನ ಜಾಗದಲ್ಲಿ, ಬಾಯಿ ಬಾಯಿಯ ಜಾಗದಲ್ಲಿ, ಹಣೆಯ ಮೇಲೆ ಕುಂಕುಮಕ್ಕೆ ಧಾರಾಳ ಸ್ಥಳ. ನನ್ನ ಮನಸ್ಸಿಗೆ ಎಷ್ಟು ಖುಷಿಯಾಯಿತೆಂದರೆ, ಸುನಂದಮ್ಮನಿಗೆ ತೋರಿಸಲು ನಾನೂ ಜೊತೆಗೇ ಹೊರಟೆ. ಮೆಚ್ಚುಗೆಯಲ್ಲಿ ನನಗೂ ಒಂದು ಪಾಲು ಬರಲಿ ಎಂಬ ಆಸೆ.

ಸುನಂದಮ್ಮ ಹುಲ್ಲಿನ ಕೈ ಒರೆಸಿಕೊಂಡು ಕಾಗದ ಹಿಡಿದಳು. ಚಿತ್ರ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಚಿತ್ರ ನೋಡಿದಳು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು, "ತಪ್ಪು ತಿಳ್ಕೋಬೇಡಿ. ಮೇಷ್ಟ್ರು ಸೀರೆ ಉಟ್ಟಂಗವ್ರೆ" ಎಂದಳು.

ಕಾಗದ ಕಸಿದುಕೊಂಡು ನೋಡಿದೆ. ನಿಜ! ಆ ಉದ್ದ ಮೂಗು ನನ್ನದು. ಆ ಕಿವಿ ನನ್ನದು. ಜಡೆ, ಕುಂಕುಮ, ಓಲೆ ಹಾಕಿಕೊಂಡು ಹಾಲು ಸಂಘದ ಅಧ್ಯಕ್ಷೆಯಾಗಿ ನಾನು ಕೂತಿದ್ದೆ. ಈ ಗಂಡಾಗುಂಡಿಗೆ ಕಾರಣ ಆ ಪೊರಕೆಕಡ್ಡಿ. ಅದರ ಮೇಲಿದ್ದ ಗುರುತೆಲ್ಲ ನನ್ನ ಮುಖದ್ದು. ಅವನು ಅದನ್ನೇ ಕಾಗದಕ್ಕೆ ಇಳಿಸಿದ್ದ.

"ಅಲ್ಲಯ್ಯ, ಬರೀಬೇಕಾದ್ದು ಹೆಂಡತೀನ. ಅವಳ ಮುಖ ಅಳೆಯೋದು ಬಿಟ್ಟು ನನ್ನ ಮುಖ ಯಾಕೆ ಇಟ್ಕೊಂಡೆ?" ಎಂದು ಕೂಗಾಡಿದೆ.

ಗಂಗರಾಜು ಕಿವಿಯವರೆಗೂ ಕೆಂಪಾದ. "ನಾಚ್ಕೆ ಆಗ್ತದೆ ಮೇಷ್ಟ್ರೇ" ಎಂದ, ನೆಲ ನೋಡುತ್ತ. ಮದುವೆಯಾಗಿ ಮೂವತ್ತೆರಡು ವರ್ಷವಾದವನ ಮಾತು ಇದು.

ಸುನಂದಮ್ಮನ ನಗು ನಿಂತಿತು. "ಸಭೆಗೆ ಇನ್ನೂ ನಾಕು ದಿನ ಇದೆ. ಅಳೀರಿ" ಎಂದು ಜಗಲಿಯ ಮೇಲೆ ಕೂತೇಬಿಟ್ಟಳು. ಅವನು ಜೇಬಿನಿಂದ ಕಡ್ಡಿ ತೆಗೆದ ಕೂಡಲೇ, "ಪೊರಕೆ ಕಡ್ಡೀನ ಮುತ್ತೈದೆ ಮುಖಕ್ಕೆ ಹಿಡೀತೀರಾ?" ಎಂದು ಸಿಡುಕಿದಳು. ನನ್ನ ಮುಖಕ್ಕೆ ಹಿಡಿದಾಗ ಯಾರೂ ಹೀಗೆ ಕೇಳಿರಲಿಲ್ಲ. ಗಂಗರಾಜು ಓಡಿಹೋಗಿ ತೋಟದಿಂದ ಒಂದು ಹಸಿ ಗರಿ ತಂದು, ಸೀಳಿ, ಹೊಸ ಕಡ್ಡಿ ಮಾಡಿಕೊಂಡ.

ಕಡ್ಡಿ ಹತ್ತಿರ ಬಂದದ್ದೇ ತಡ, ಅವಳ ಕಣ್ಣು ಮುಚ್ಚಿತು. ಗಂಗರಾಜು ಕಣ್ಣು ಬಿಡು ಎನ್ನಲಿಲ್ಲ. ಹಣೆ ಅಳೆದ, ಮೂಗು ಅಳೆದ, ಗಲ್ಲ ಅಳೆದ. ಮೂಗು ನನ್ನದಕ್ಕಿಂತ ಒಂದು ಉಗುರು ಗಿಡ್ಡ, ಗಲ್ಲ ಚಿಕ್ಕದು, ಎಡಹುಬ್ಬು ಒಂದೆಳೆ ಮೇಲೆ. ಕಣ್ಣುಗಳ ನಡುವೆ ಇನ್ನೊಂದು ಕಣ್ಣಿಗಿಂತ ಸ್ವಲ್ಪ ಜಾಸ್ತಿಯೇ ಜಾಗವಿತ್ತು. ಒಂದು ಕಣ್ಣಿನಷ್ಟೇ ಇರಬೇಕು ಎಂದು ನಾನು ಬಾಯಿ ಹಾಕಿದೆ.

"ನಿಮ್ಮ ಪುಸ್ತಕದಲ್ಲಿ ಇರ್ಬೇಕು. ಇಲ್ಲಿ ಇಷ್ಟದೆ" ಎಂದ ಅವನು, ತಿರುಗಿ ಕೂಡ ನೋಡದೆ. ಅವನು ಹೇಳಿದ್ದು ಸರಿಯಾಗಿತ್ತು.

ಆಮೇಲೆ ಕಡ್ಡಿ ಕೆಳಗಿಟ್ಟು ಕೂತುಕೊಂಡ.

"ಆಯ್ತಾ?" ಎಂದಳು ಸುನಂದಮ್ಮ, ಕಣ್ಣು ಮುಚ್ಚಿದಂತೆಯೇ.

"ಕಣ್ಣೊಂದು ಉಳಿದದೆ."

"ಜಾಗ ಅಳೆದ್ರಲ್ಲ. ಹೆಂಗೋ ಒಂದು ಬರ್ಕೊಳ್ಳಿ."

"ಜಾಗ ಸಿಕ್ತು. ಆದ್ರೆ ನಿನ್ನ ಕಣ್ಣು ಹೆಂಗದೆ ಅಂತ ನಂಗೆ ಗೊತ್ತಿಲ್ಲ ಕಣೇ."

ಸುನಂದಮ್ಮನ ಕಣ್ಣು ತಟ್ಟನೆ ತೆರೆಯಿತು. "ಏನಂದ್ರಿ? ಮೂವತ್ತೆರಡು ವರ್ಷ ಸಂಸಾರ ಮಾಡಿ, ಹೆಂಡ್ತಿ ಕಣ್ಣು ಹೆಂಗದೆ ಅಂತ ಗೊತ್ತಿಲ್ವಾ?"

"ಇಲ್ಲ. ನೀನು ಬಯ್ಯುವಾಗೆಲ್ಲ ನಾನು ನೆಲ ನೋಡ್ತಿದ್ದೆ" ಎಂದ ಗಂಗರಾಜು. ಈಗ ನೆಲ ನೋಡಲಿಲ್ಲ. ಅವಳು ಬಯ್ಯುತ್ತಲೇ ಇದ್ದಳು, ಅವನು ನೋಡುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಬೈಗುಳ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಆದರೂ ರೆಪ್ಪೆ ಮುಚ್ಚಲಿಲ್ಲ. ನಾನು ಅಲ್ಲಿರಬಾರದೆಂದು ಅರ್ಥವಾಗಿ, ಚಪ್ಪಲಿ ಹುಡುಕಿಕೊಂಡು ಹೊರಟೆ.

ಸಭೆಯ ದಿನ ಬೆಳಿಗ್ಗೆ ಚಿತ್ರ ಮುಗಿದಿತ್ತು. ಕಿವಿ ಒಂದು ಚೂರು ದಪ್ಪ, ಕತ್ತು ಬಿಗಿ. ನಾನು ನಂಬರು ಹಾಕಿದರೆ ನೂರಕ್ಕೆ ಅರವತ್ತು ಹಾಕುತ್ತಿದ್ದೆ. ಆದರೆ ಅದು ಸುನಂದಮ್ಮ, ಬೇರೆ ಯಾರೂ ಅಲ್ಲ. ಸಿಟ್ಟು ಇನ್ನೇನು ನಗುವಾಗುವುದರಲ್ಲಿದೆ ಎನ್ನುವ ಆ ಎರಡು ಕಣ್ಣು ಕಾಗದದಿಂದ ನೇರವಾಗಿ ನಮ್ಮನ್ನು ನೋಡುತ್ತಿದ್ದವು. ಅವಳು ಬಹಳ ಹೊತ್ತು ಚಿತ್ರ ಹಿಡಿದು ನಿಂತಳು.

"ಕನ್ನಡೀಲಿ ನಾನು ಕುಂಕುಮ ನೋಡ್ಕೊತೀನಿ ಅಷ್ಟೇ. ಇವಳ್ನ ನಾನೂ ನೋಡಿರ್ಲಿಲ್ಲ" ಎಂದಳು. ಆಮೇಲೆ ಕೆಳಗೆ ಬರೆದವರ ಹೆಸರು ಹಾಕಿಸಿ, ಕಟ್ಟು ಹಾಕಿಸಿ, ಬೇರೆ ಯಾರ ಕೈಗೂ ಕೊಡದೆ ತಾನೇ ಹೊತ್ತುಕೊಂಡು ಹೋಗಿ ಖಾಲಿ ಜಾಗಕ್ಕೆ ತೂಗುಹಾಕಿದಳು.

ಸಭೆಯಲ್ಲಿ ಅವಳು ವರದಿ ಓದುವಾಗ ಗಂಗರಾಜು ಬಾಗಿಲ ಹತ್ತಿರ ನಿಂತಿದ್ದ. ಇನ್ನೂರು ಜನ ಹೆಂಗಸರು ಅವಳನ್ನೇ ನೋಡುತ್ತಿದ್ದರು. ಓದುತ್ತ ಓದುತ್ತ ಒಂದು ಕಡೆ ತಡವರಿಸಿದಳು, ರೆಪ್ಪೆ ಅದುರಿತು. ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ. ಸುನಂದಮ್ಮ ಅವನ ಮೇಲೆ ಕಣ್ಣಿಟ್ಟುಕೊಂಡೇ ಉಳಿದದ್ದನ್ನು ಕಾಗದ ನೋಡದೆ ಬಾಯಲ್ಲೇ ಹೇಳಿ ಮುಗಿಸಿದಳು.