ಜಾರುವ ಮೇಜಿನ ರೈಗಳು

ಆಶಾಲತಾ ಗುಣಪಾಲ ರೈಗಳನ್ನು ಮೊದಲ ಸಲ ಕಂಡದ್ದು ೧೯೭೬ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಮಂಗಳೂರಿನ ಮಣ್ಣಗುಡ್ಡದಲ್ಲಿ. ಕೆಳಗೆ ಹಿಟ್ಟಿನ ಗಿರಣಿ, ಮೇಲಿನ ಅಂತಸ್ತಿನಲ್ಲಿ ರೈಗಳ ಟೈಪಿಂಗ್ ಶಾಲೆ. ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಾಗ ಅವಳಿಗೆ ಕಾಣಿಸಿದ್ದು ರೈಗಳ ಮುಖವಲ್ಲ, ಬೆನ್ನು. ಬಿಳಿ ಶರ್ಟು, ಬಿಳಿ ಪಂಚೆಯ ಎತ್ತರದ ಮನುಷ್ಯರೊಬ್ಬರು ಬಗ್ಗಿ ನಿಂತು, ಹಳೇ ಬನಿಯನ್ನಿನ ತುಂಡಿನಿಂದ ಬೀಟೆ ಮರದ ಮೇಜೊಂದನ್ನು ಉಜ್ಜುತ್ತಿದ್ದರು. ಮೇಜಿನ ಒಳಗಿನಿಂದ ಇನ್ನೊಬ್ಬ ರೈ ಅಷ್ಟೇ ಶ್ರದ್ಧೆಯಿಂದ ಅವರಿಗೆ ಎದುರಾಗಿ ಉಜ್ಜುತ್ತಿದ್ದ.

"ಚಪ್ಪಲಿ ಹೊರಗೆ. ಕೊಡೆ ಮೂಲೆಗೆ. ಕೈ ತೊಳೆದಾಯ್ತ?" ರೈಗಳು ತಿರುಗದೆಯೇ ಕೇಳಿದರು.

"ಈಗಷ್ಟೇ ಬಸ್ಸಿನಿಂದ ಇಳಿದದ್ದು ಸರ್."

"ಹಾಗಾದರೆ ಬಸ್ಸಿನ ಕಂಬಿ ಇನ್ನೂ ಕೈಯಲ್ಲೇ ಉಂಟು. ತೊಳೆದು ಬನ್ನಿ."

ಬಂಟ್ವಾಳದ ಆಚೆಯ ಹಳ್ಳಿಯಿಂದ ಬಂದಿದ್ದ ಆಶಾಲತಾ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಮೊದಲ ಸಾಲಿನಲ್ಲಿ ಕುಳಿತಳು. ಎದುರಿಗೆ ಕಪ್ಪು ಕೋಣದಂಥ ಟೈಪ್‌ರೈಟರು. ಒಂದು ಸಾಲು ಮುಗಿದು ಗಂಟೆ ಬಡಿಯಿತು. ಸಾಲು ಬದಲಿಸುವ ಕಡ್ಡಿಯನ್ನು ಬಲಕ್ಕೆ ತಳ್ಳಬೇಕೆಂದು ರೈಗಳು ಹೇಳಿದರು. ಗದ್ದೆಯ ಕೆಲಸ ಮಾಡಿದ ಕೈ, ತಳ್ಳಿದಳು. ಕಡ್ಡಿಯ ಜೊತೆಗೆ ಇಡೀ ಮಿಷನು ಬಲಕ್ಕೆ ಹೊರಟಿತು. ಉಜ್ಜಿ ಉಜ್ಜಿ ಕನ್ನಡಿಯಾಗಿದ್ದ ಮೇಜಿನ ಮೇಲೆ ಅದಕ್ಕೆ ಅಡ್ಡಿ ಎಂಬುದೇ ಇರಲಿಲ್ಲ. ಅಂಚಿನಿಂದ ಅರ್ಧ ಹೊರಗೆ ಬಂದಾಗ ರೈಗಳು ಹಾರಿ ಬಂದು ಎರಡೂ ಕೈಯಲ್ಲಿ ತಬ್ಬಿ ಹಿಡಿದರು.

"ನಿಲ್ಲು! ಎಲ್ಲಿಗೆ? ಉರ್ವ ಸ್ಟೋರಿಗಾ?"

ಉರ್ವ ಸ್ಟೋರ್ ಅಂದರೆ ಆಚೆಯ ಬಸ್ ಸ್ಟಾಪು. ಬೈಗುಳ ಮಿಷನಿಗೆ, ಅವಳಿಗಲ್ಲ. ಹಿಂದಿನ ಸಾಲಿನವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಮರುದಿನ ಬಂದಾಗ ಪ್ರತಿಯೊಂದು ಟೈಪ್‌ರೈಟರಿನ ಅಡಿಯಲ್ಲೂ ಒಂದೊಂದು ಕಪ್ಪು ಫೆಲ್ಟಿನ ತುಂಡು ಇತ್ತು. ಕಂಬಳಿಯಂಥ ದಪ್ಪ ಬಟ್ಟೆ, ಮುಟ್ಟಿದರೆ ಒರಟು. ಹೊರಗೆ ಒಂದಿಷ್ಟೂ ಕಾಣಬಾರದೆಂದು ಮಿಷನಿಗಿಂತ ಸಣ್ಣದಾಗಿ ಕತ್ತರಿಸಿ ಇಟ್ಟಿದ್ದರು. ಆ ಫೆಲ್ಟಿನ ಬಗ್ಗೆ ರೈಗಳು ಒಂದು ಮಾತನ್ನೂ ಆಡಲಿಲ್ಲ. ಮನೆಯ ಮಾನ ಹೋಗುವಂಥ ಸಂಗತಿ ಎಂಬ ಹಾಗೆ ಅದು ಅಲ್ಲೇ ಅಡಗಿ ಕುಳಿತಿತ್ತು.

ಆಶಾಲತಾ ಪರೀಕ್ಷೆ ಮುಗಿಸಿ ಅಲ್ಲೇ ಕಲಿಸುವವಳಾದಳು. ವರ್ಷಗಳು ಹೋದವು. ರೈಗಳು ಮೇಜು ಉಜ್ಜಿದರು, ಬಾಗಿಲ ಹಿಡಿ ಉಜ್ಜಿದರು, ಕಾವಿ ನೆಲಕ್ಕೆ ಪಾಲಿಶ್ ಹಾಕಿದರು. ಅಂಚೆಯವನು ಎರಡು ಸಲ ಬಿದ್ದ ಮೇಲೆ ಕಾಗದಗಳನ್ನು ಕೆಳಗೆ ಗಿರಣಿಯಲ್ಲೇ ಕೊಟ್ಟು ಹೋಗತೊಡಗಿದ. ಹಿಟ್ಟು ಹತ್ತಿದ ಲಕೋಟೆ ಕಂಡರೆ ರೈಗಳಿಗೆ ಊಟ ಸೇರುತ್ತಿರಲಿಲ್ಲ.

೧೯೮೮ರ ಹೊತ್ತಿಗೆ ಕಲಿಯುವವರು ಕಡಿಮೆಯಾದರು. ಎಲ್ಲರ ಬಾಯಲ್ಲೂ ಕಂಪ್ಯೂಟರ್. ರೈಗಳ ಭಾವ, ಪಕ್ಕದ ಕಟ್ಟಡದಲ್ಲಿ ಹೋಟೆಲು ನಡೆಸುತ್ತಿದ್ದ ತಾರಾನಾಥ ಶೆಟ್ಟರು ವಾರಕ್ಕೊಮ್ಮೆ ಬಂದು, "ಭಾವ, ಈ ಜಾಗ ನನಗೆ ಕೊಡಿ. ಫ್ಯಾಮಿಲಿ ರೂಮ್ ಮಾಡ್ತೇನೆ. ನೀವು ಗಲ್ಲೆಯಲ್ಲಿ ದುಡ್ಡು ತಗೊಂಡು ಕೂತ್ಕೊಳ್ಳಿ," ಎನ್ನುತ್ತಿದ್ದರು. ಟೈಪಿಂಗ್ ಬಿಟ್ಟು ಬೇರೆ ಕೆಲಸ ತಿಳಿಯದ ಆಶಾಲತಾ ಎಲ್ಲಿ ಕೂತುಕೊಳ್ಳಬೇಕೆಂದು ಶೆಟ್ಟರು ಹೇಳಲಿಲ್ಲ.

ಕೊನೆಗೆ ರೈಗಳು ಹಾಶಿಂನನ್ನು ಕರೆಸಿದರು. ಬಂದರಿನ ವ್ಯಾಪಾರಿ ಮನೆತನದ ಹಾಶಿಂ ದುಬಾಯಿಯಿಂದ ಬಂದು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ ಇಟ್ಟಿದ್ದ. ಅವನೇ ಕಂಪ್ಯೂಟರ್ ತಂದು ಕೂರಿಸಿದ, ಜೊತೆಗೆ ಬಾಲದಂಥ ವಯರಿನ ಒಂದು ಮೌಸ್. ಅತ್ತಾವರದ ಒಂದು ಆಸ್ಪತ್ರೆಯ ಮ್ಯಾನೇಜರು ಮ್ಯಾಕ್ಸಿಮ್ ಎಂಬವರು ತಮ್ಮ ಗುಮಾಸ್ತರನ್ನೆಲ್ಲ ಕಲಿಯಲಿಕ್ಕೆ ಕಳಿಸುವುದಾಗಿ ಹೇಳಿದ್ದರು. ಆದರೆ ಒಂದು ಮಾತು: ಆಸ್ಪತ್ರೆಯ ಚಾರ್ಟುಗಳಿಗೆ ಗೆರೆ ಎಳೆದು ಎಳೆದು ಗುಮಾಸ್ತರ ಬೆರಳು ಸೆಟೆದಿತ್ತು. ಆ ಗೆರೆ ಕಂಪ್ಯೂಟರಿಗೆ ಬರುತ್ತದೆಂದು ನಂಬಲು ಮೊದಲು ಅದರಲ್ಲಿ ಒಂದು ಚೌಕ ಬರೆದು ತೋರಿಸಬೇಕು. ವಿಜಯದಶಮಿಯ ದಿನ, ಹೊಸ ವಿದ್ಯೆ ಸುರು ಮಾಡುವ ಮುಹೂರ್ತದಲ್ಲಿ, ಬಂದು ನೋಡುತ್ತೇವೆ ಎಂದಿದ್ದರು.

"ಚೌಕ ಬಂದರೆ ಶಾಲೆ," ಎಂದರು ರೈಗಳು ಆಶಾಲತಾಳಿಗೆ. "ಬಾರದಿದ್ದರೆ ಭಾವನ ಗಲ್ಲೆ."

ಮೊದಲ ದಿನವೇ ಗೊತ್ತಾಯಿತು, ಚೌಕ ಸುಲಭವಲ್ಲ. ಆಶಾಲತಾ ಮೌಸನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಒಯ್ದಳು. ಪರದೆಯ ಮೇಲಿನ ಬಾಣ ಕದಲಲಿಲ್ಲ.

ಹಾಶಿಂ ಮೌಸನ್ನು ಮಗುಚಿ ಹೊಟ್ಟೆ ತೋರಿಸಿದ. "ನೋಡಿ ರೈಗಳೇ, ಇಲ್ಲೊಂದು ಚೆಂಡು ಉಂಟು. ಒಳಗೆ ಅದಕ್ಕೆ ತಾಗಿ ಎರಡು ಸಣ್ಣ ಉರುಳೆ. ಒಂದು ಅಡ್ಡ ಹೋದದ್ದನ್ನು ಲೆಕ್ಕ ಮಾಡ್ತದೆ, ಒಂದು ಉದ್ದ ಹೋದದ್ದನ್ನು. ಚೆಂಡು ಉರುಳಿದರೆ ಉರುಳೆ ತಿರುಗ್ತದೆ, ಉರುಳೆ ತಿರುಗಿದರೆ ಬಾಣ ಹೋಗ್ತದೆ. ನಿಮ್ಮ ಮೇಜಿನ ಮೇಲೆ ಚೆಂಡು ಉರುಳುವುದೇ ಇಲ್ಲ, ಜಾರ್ತದೆ."

"ಮೇಜಿಗೆ ಎಂತ ಆಗಿದೆ? ಕಲೆ ಉಂಟಾ?"

"ಕಲೆ ಇಲ್ಲದ್ದೇ ತೊಂದರೆ ಮಾರಾಯ್ರೇ! ಬರುವಾಗ ನಿಮ್ಮ ನೆಲದಲ್ಲಿ ನಾನೇ ಜಾರಿದೆ. ಇನ್ನು ಆ ಚೆಂಡು ಎಷ್ಟರದ್ದು!"

ಹಾಶಿಂ ಹೋದ ಮೇಲೆ ರೈಗಳು ಮೇಜನ್ನು ಇನ್ನೊಮ್ಮೆ ಉಜ್ಜಿದರು. ಎಲ್ಲೋ ಒಂದು ಕಡೆ ಜಿಡ್ಡು ಉಳಿದಿರಬೇಕೆಂದೇ ಅವರ ನಂಬಿಕೆ.

ಆಶಾಲತಾ ಒಂದೊಂದಾಗಿ ಹಾಸಿ ನೋಡಿದಳು. ಚಾಪೆಯ ಮೇಲೆ ಬಾಣಕ್ಕೆ ಚಳಿಜ್ವರ ಬಂದ ಹಾಗೆ ನಡುಕ. ಮೈ ಒರೆಸುವ ಬೈರಾಸಿನ ಮೇಲೆ ನಾಲ್ಕು ಹೆಜ್ಜೆ ಹೋಗಿ ಚೆಂಡಿಗೆ ನೂಲು ಸುತ್ತಿಕೊಂಡಿತು. ಪೇಪರು ಹಾಸಿದಾಗ ಮಾತ್ರ ಬಾಣ ಒಳ್ಳೆಯ ಮನುಷ್ಯನ ಹಾಗೆ ಹೇಳಿದಲ್ಲಿಗೆ ಹೋಯಿತು.

"ತೆಗೀರಿ ಅದನ್ನು!" ರೈಗಳ ಮುಖ ಕೆಂಪಾಯಿತು. "ನನ್ನ ಮೇಜಿನ ಮೇಲೆ ಪೇಪರಾ? ಇದೆಂತ ಮೀನಿನ ಅಂಗಡಿಯಾ?"

"ಸರ್, ಚೌಕ..."

"ಚೌಕ ಬರ್ತದೆ. ಮರ್ಯಾದೆಯಿಂದ ಬರ್ತದೆ."

ಆಯುಧಪೂಜೆಯ ದಿನ ಟೈಪ್‌ರೈಟರುಗಳನ್ನೆಲ್ಲ ಒರೆಸಿ, ಗೊಂಡೆ ಹೂವಿನ ಮಾಲೆ ಹಾಕಿ, ಕುಂಕುಮ ಇಟ್ಟಾಯಿತು. ಕಂಪ್ಯೂಟರಿಗೂ ಮಾಲೆ. ಆಶಾಲತಾ ಪ್ರಸಾದ ಹಂಚಲು ಕೆಳಗೆ ಗಿರಣಿಗೆ ಹೋಗಿದ್ದಾಗ ರೈಗಳು ಮೌಸಿನ ಮುಂದೆ ಕುಳಿತು ಯೋಚಿಸಿದರು. ಓಡುವ ವಸ್ತು. ಮನೆಯ ಕಾರಿಗೆ ಪೂಜೆ ಮಾಡುವಾಗ ಗಂಧ ಹಚ್ಚುವುದು ಗಾಲಿಗೆ. ಇದರ ಗಾಲಿ ಹೊಟ್ಟೆಯಲ್ಲಿ ಉಂಟು. ಮಗುಚಿ, ಚೆಂಡಿಗೆ ತೇದ ಗಂಧವನ್ನು ಧಾರಾಳವಾಗಿ ಹಚ್ಚಿದರು. ಗಾಲಿಯ ಅಡಿಗೆ ಇಡುವ ಹಾಗೆ ಎದುರಿಗೆ ಒಂದು ಲಿಂಬೆಹುಳಿ ಇಟ್ಟು, ಮೌಸನ್ನು ಅದರ ಮೇಲೆ ಹತ್ತಿಸಲು ನೋಡಿದರು. ಹತ್ತಲಿಲ್ಲ. ಲಿಂಬೆಹುಳಿ ಮೇಜಿನಲ್ಲಿ ಜಾರಿ ಆಚೆ ಬಿತ್ತು.

ಮರುದಿನ ಮ್ಯಾಕ್ಸಿಮ್ ಕೋಟು ಹಾಕಿಕೊಂಡು ಬಂದರು. ಹಾಶಿಂ ಬಂದ. ಯಾರೂ ಕರೆಯದಿದ್ದರೂ ತಾರಾನಾಥ ಶೆಟ್ಟರು ಬಂದು, ಕೈ ತೊಳೆಯುವ ಬೇಸಿನ್ ಯಾವ ಗೋಡೆಗೆ ಕೂರಿಸಬಹುದೆಂದು ಕಣ್ಣಲ್ಲೇ ಅಳೆಯುತ್ತ ನಿಂತರು.

ಆಶಾಲತಾ ದೇವರಿಗೆ ಕೈಮುಗಿದು ಮೌಸ್ ಹಿಡಿದಳು. ಬಾಣ ತಟ್ಟನೆ ಹೊರಟು ಒಂದು ಅಡ್ಡಗೆರೆ ಬಂತು. ರೈಗಳ ಎದೆ ಉಬ್ಬಿತು. ಅವಳು ಕೈಯನ್ನು ತನ್ನ ಕಡೆಗೆ ಎಳೆದಳು. ಬಾಣ ಕೆಳಗೆ ಇಳಿಯಲಿಲ್ಲ. ಮತ್ತೆ ಎಳೆದಳು. ಇಲ್ಲ.

"ಇದು ಚೌಕವಾ?" ಮ್ಯಾಕ್ಸಿಮ್ ಕನ್ನಡಕ ಸರಿ ಮಾಡಿಕೊಂಡರು.

"ಒಂದು ಬದಿ ಆಯ್ತಲ್ಲ," ಎಂದರು ಶೆಟ್ಟರು. "ಉಳಿದದ್ದು ಬರುವ ವರ್ಷ."

ಹಾಶಿಂ ಮೌಸಿನ ಹೊಟ್ಟೆ ಬಿಚ್ಚಿ ಒಳಗೆ ಇಣುಕಿದ. ಮೂಗು ಅರಳಿಸಿದ. "ರೈಗಳೇ, ಇದೆಂತ, ಗಂಧದ ಪರಿಮಳ?"

"ಪೂಜೆ ಮಾಡಿದ್ದು," ರೈಗಳು ಸಣ್ಣ ದನಿಯಲ್ಲಿ ಅಂದರು.

"ಒಳಗೆ ಒಂದು ಉರುಳೆಗೆ ಗಂಧ ಒಣಗಿ ಸಿಮೆಂಟಾಗಿದೆ ಮಾರಾಯ್ರೇ! ಅದು ಹೇಗೆ ತಿರುಗಬೇಕು?"

ಆಶಾಲತಾ ಸೆರಗಿನ ಪಿನ್ನು ಕಳಚಿ ಕೊಟ್ಟಳು. ಹಾಶಿಂ ಉರುಳೆಯ ಗಂಧ ಕೆರೆದು, ಚೆಂಡು ಒರೆಸಿ ಮುಚ್ಚಿದ. ಅವಳು ಮತ್ತೆ ಹಿಡಿದಳು. ಈಗ ಬಾಣ ಅಡ್ಡವೂ ಇಲ್ಲ, ಉದ್ದವೂ ಇಲ್ಲ. ನಿನ್ನೆ ಹಬ್ಬವೆಂದು ಮೇಜಿಗೆ ಎರಡು ಸುತ್ತು ಪಾಲಿಶ್ ಬಿದ್ದಿತ್ತು. ಅಂಟು ಹೋದ ಚೆಂಡು ಅದರ ಮೇಲೆ ಸುಖವಾಗಿ ಜಾರುತ್ತಿತ್ತು. ಮ್ಯಾಕ್ಸಿಮ್ ಗಡಿಯಾರ ನೋಡಿದರು. ಪೇಪರು ಹಾಸಲೇ ಎಂದು ಕೇಳುವಂತೆ ಆಶಾಲತಾ ರೈಗಳ ಮುಖ ನೋಡಿದಳು.

ರೈಗಳು ಅವಳನ್ನು ನೋಡುತ್ತಿರಲಿಲ್ಲ. ಮೊದಲ ಸಾಲಿನ ಕಪ್ಪು ಟೈಪ್‌ರೈಟರನ್ನೇ ನೋಡುತ್ತಿದ್ದರು. ಒಂದು ಸಲ ಕೆಮ್ಮಿದರು. ಆಮೇಲೆ ಹೋಗಿ, ಮಾಲೆ ಸಮೇತ ಅದರ ಒಂದು ಬದಿ ಎತ್ತಿ, ಅಡಿಯಿಂದ ಫೆಲ್ಟು ಎಳೆದರು. ನಾಲ್ಕು ಮೂಲೆಯಲ್ಲಿ ಮಿಷನಿನ ಪಾದದ ಗುಳಿ, ಎಣ್ಣೆಯ ಕಲೆ, ಅಂಚಿನಲ್ಲಿ ಎದ್ದ ನಾರು. ಕಿಟಕಿಯ ಹೊರಗೆ ಕೊಡವಿ, ಅದನ್ನು ತಂದು ಆ ಕನ್ನಡಿಯಂಥ ಮೇಜಿನ ನಟ್ಟನಡುವೆ, ಎಲ್ಲರ ಕಣ್ಣೆದುರು ಹಾಸಿದರು.

"ಅವತ್ತು ನಿಮ್ಮ ಮಿಷನು ಹೊರಟಿತ್ತಲ್ಲ ಆಶಾಲತಾ," ಎಂದರು. "ಅದನ್ನು ನಿಲ್ಲಿಸಿದ್ದು ಇದೇ. ಇದರ ಮೇಲೆ ಎಂತದೂ ಜಾರುವುದಿಲ್ಲ."

ಆಶಾಲತಾ ಮೌಸ್ ಇಟ್ಟಳು. ಬಾಣ ಹೊರಟಿತು. ಅಡ್ಡ. ಕೆಳಗೆ. ಮತ್ತೆ ಅಡ್ಡ. ಮೇಲೆ. ಮೂಲೆ ಸ್ವಲ್ಪ ಸೊಟ್ಟ, ಆದರೂ ಚೌಕವೇ.

"ಇಷ್ಟೇ ನಮಗೆ ಬೇಕಾದ್ದು," ಎಂದು ಮ್ಯಾಕ್ಸಿಮ್ ಎದ್ದು ನಿಂತರು. "ಸೋಮವಾರದಿಂದ ಕಳಿಸ್ತೇನೆ." ಸಂತೋಷಕ್ಕೆ, ಬದಿಯಲ್ಲಿದ್ದ ಕಪ್ಪು ಟೈಪ್‌ರೈಟರಿನ ಕಡ್ಡಿಯನ್ನು ಬಲಕ್ಕೆ ಒಮ್ಮೆ ತಳ್ಳಿದರು. ಅಡಿಯಲ್ಲಿ ಫೆಲ್ಟಿಲ್ಲದ ಮಿಷನು ಮಾಲೆ ಧರಿಸಿಕೊಂಡೇ ಹೊರಟಿತು.

"ನಿಲ್ಲು! ಉರ್ವ ಸ್ಟೋರಿಗಾ?" ರೈಗಳು ಹಾರಿ ಹೋಗಿ ತಬ್ಬಿ ಹಿಡಿದರು. ಈ ಸಲ ನಕ್ಕದ್ದು ಆಶಾಲತಾ, ಬಾಯಿಗೆ ಕೈ ಅಡ್ಡ ಹಿಡಿಯದೆ. ಶೆಟ್ಟರು ಬೇಸಿನ್ನಿನ ಗೋಡೆಯನ್ನು ಕೊನೆಯ ಸಲ ನೋಡಿ ಮೆಟ್ಟಿಲು ಇಳಿದರು, ಕಂಬಿ ಹಿಡಿದುಕೊಂಡು, ಜಾಗ್ರತೆಯಿಂದ.

ಫೆಲ್ಟಿಗೂ ಒಂದು ದೋಷ ಉಂಟು: ಅದು ನಾರು ಬಿಡುತ್ತದೆ, ನಾರು ಉರುಳೆಗೆ ಸುತ್ತಿಕೊಳ್ಳುತ್ತದೆ. ಶಾಲೆಯಲ್ಲಿ ಈಗ ಮೂರು ಕಂಪ್ಯೂಟರುಗಳಿವೆ, ಕಲಿಸುವುದು ಆಶಾಲತಾ. ಗುಣಪಾಲ ರೈಗಳು ಮೇಜಿಗೆ ಪಾಲಿಶ್ ಹಾಕುವುದನ್ನು ಬಿಟ್ಟಿದ್ದಾರೆ. ದಿನಾ ಸಂಜೆ ತರಗತಿ ಬಿಟ್ಟ ಮೇಲೆ ಕಿಟಕಿಯ ಬಳಿ ಕುಳಿತು, ಮೌಸುಗಳ ಹೊಟ್ಟೆ ಬಿಚ್ಚಿ, ಆಶಾಲತಾ ಕೊಟ್ಟ ಸೆರಗಿನ ಪಿನ್ನಿನಿಂದ ನಾರು ತೆಗೆದು, ಚೆಂಡುಗಳನ್ನು ಬನಿಯನ್ನಿನ ತುಂಡಿನಿಂದ ಒರೆಸುತ್ತಾರೆ.