ಡಾರ್ಕಸ್ ಕಾಯ್ದ ಕೂಟದ ಮನೆ

ಕಳೆದ ಭಾನುವಾರ ನಾನು ನಮ್ಮ ಕ್ವೇಕರ್ ಕ್ರೈಸ್ತರ ಕೂಟದ ಮನೆಯ ಕಕ್ಕಸಿನಲ್ಲಿ ನಲವತ್ತು ನಿಮಿಷ ಸಿಕ್ಕಿಹಾಕಿಕೊಂಡೆ. ಬೇರೆ ಚರ್ಚಾಗಿದ್ದರೆ ಹಾಡಿನ ಗದ್ದಲದಲ್ಲಿ ಬಾಗಿಲು ಬಡಿದು ಮಾನ ಉಳಿಸಿಕೊಳ್ಳಬಹುದಿತ್ತು. ನಮ್ಮಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ಒಂದು ಗಂಟೆ ಎಲ್ಲರೂ ಸುಮ್ಮನೆ ಕೂರುವುದೇ ಪ್ರಾರ್ಥನೆ. ಮೊದಲು ಮೆಲ್ಲಗೆ ಬಡಿದೆ, ಆಮೇಲೆ ಜೋರಾಗಿ. ಗೋಡೆಯಾಚೆ ಒಂಬತ್ತು ಜನ ದೇವರ ದನಿಗೆ ಕಿವಿಗೊಟ್ಟು ಕೂತಿದ್ದರು. ನನ್ನದು ಯಾರಿಗೂ ಬೇಕಿರಲಿಲ್ಲ.

ಆ ಕಕ್ಕಸು ಹಿಂದೆ ಕುದುರೆಲಾಯ. ಆಗಿನ ಕಾನೂನು ಮೀರಿ ಹೀಗೆ ಸುಮ್ಮನೆ ಕೂತ ತಪ್ಪಿಗೆ ಜೈಲು ಕಂಡು ಬಂದ ನಮ್ಮ ಊರು ಆಸ್ಕರ್‌ಗಿಲ್‌ನ ಕುರಿಗಾಹಿಗಳು 1691ರಲ್ಲಿ ಈ ಕಲ್ಲುಮನೆ ಕಟ್ಟಿದರು. ಮುನ್ನೂರು ವರ್ಷದಲ್ಲಿ ಮನೆ ಬೆಟ್ಟದ ಕಡೆ ವಾಲಿತು, ಬಾಗಿಲುಗಳೂ ವಾಲಿದವು. ಅವನ್ನು ಮೇಲಕ್ಕೆತ್ತಿ, ಸೊಂಟದಿಂದ ನೂಕಿ ತೆಗೆಯುವ ಹದ ಬಲ್ಲವಳು ಒಬ್ಬಳೇ: ಪಕ್ಕದ ಕೋಣೆಯಲ್ಲಿದ್ದುಕೊಂಡು ಮನೆ ನೋಡಿಕೊಳ್ಳುವ ಡಾರ್ಕಸ್ ಐವ್ಸನ್.

ಎರಡು ತಿಂಗಳ ಮಟ್ಟಿಗೆಂದು ಬಂದವಳು ಮೂವತ್ತೊಂದು ವರ್ಷ ಒಲೆ ಹಚ್ಚಿದಳು, ಚಾವಣಿಯ ಪಾಚಿ ಕೆರೆದಳು, ಸಮಾಧಿಗಳ ಹುಲ್ಲು ಕೊಯ್ದಳು. ಈಗ ಎಪ್ಪತ್ತಾಯಿತು, ಮಂಡಿ ಸವೆದಿದೆ. ವಿಟ್ಬಿಯಲ್ಲಿ ತಂಗಿ ಕಡಲು ಕಾಣುವ ಕೋಣೆಯೊಂದನ್ನು ಖಾಲಿ ಇಟ್ಟುಕೊಂಡು ಕಾಯುತ್ತಿದ್ದಾಳೆ.

ಡಾರ್ಕಸ್ ಈ ಕೆಲಸದಿಂದ ಬಿಡುಗಡೆ ಕೇಳಿ ನಾಲ್ಕು ವರ್ಷವಾಗಿತ್ತು. ನಮ್ಮ ತಿಂಗಳ ಸಭೆಯಲ್ಲಿ ಓಟು ಹಾಕುವುದಿಲ್ಲ, ಎಲ್ಲರ ಮನಸ್ಸೂ ಒಂದಾಗಬೇಕು. ಒಬ್ಬನಿಗೆ ಸಮಾಧಾನವಿಲ್ಲದಿದ್ದರೂ ವಿಷಯ ಮುಂದಿನ ತಿಂಗಳಿಗೆ. ಆ ಒಬ್ಬ ನಾನು. ಪ್ರತಿ ತಿಂಗಳೂ ಎದ್ದು, “ನನ್ನ ಮನಸ್ಸಿಗೆ ಇನ್ನೂ ಸಮಾಧಾನ ಆಗಿಲ್ಲ,” ಎನ್ನುತ್ತಿದ್ದೆ. ಅದು ಆತ್ಮದ ಪ್ರೇರಣೆಯೆಂದೇ ನಂಬಿದ್ದೆ. ಅವಳು ಹೋದರೆ ಒಲೆ ಹಚ್ಚುವ ಸರದಿ ನನಗೆ ಬರುತ್ತಿತ್ತು ಎಂಬುದು ಬೇರೆ ಮಾತು.

“ಹೇಳದೆ ಹೊರಟುಬಿಡು ಡಾರ್ಕಸ್,” ಎಂದು ಅವಳಿಗೆ ಹೇಳಿದವರಿದ್ದರು.

“ಕೂಟಕ್ಕೆ ಮಾತು ಕೊಟ್ಟೀನಲ್ಲ, ಕೂಟಾನೇ ಬಿಡಬೇಕು,” ಎನ್ನುತ್ತಿದ್ದಳು. “ಆ ಕುರಿಗಾಹಿಗಳಿಗೆ ಜೈಲಿಂದ ಹೊರಗೆ ಬರೋ ತಾರೀಖಾದ್ರೂ ಗೊತ್ತಿತ್ತು.”

ಕಕ್ಕಸಿನ ಕಿಟಕಿಯಲ್ಲಿ ನನ್ನ ತಲೆ ತೂರುತ್ತಿತ್ತು, ಹೊಟ್ಟೆ ತೂರುವಂತಿರಲಿಲ್ಲ. ವರ್ಷವಾಯಿತೆನಿಸಿ ಗಡಿಯಾರ ನೋಡಿದರೆ ಆರೇ ನಿಮಿಷ. ಆಮೇಲೆ ಮಾಡಲು ಬೇರೇನೂ ಇರಲಿಲ್ಲವಾಗಿ ಅವಳ ಮೂವತ್ತೊಂದು ವರ್ಷದ ಬಗ್ಗೆ ಯೋಚಿಸಿದೆ.

ಗಂಟೆ ಮುಗಿದು, ಹಿರಿಯರು ಕೈಕುಲುಕಿ ಕೂಟ ಎಬ್ಬಿಸಿದ ಮೇಲೆ ಬಾಗಿಲು ಡಾರ್ಕಸ್‌ಳ ಒಂದೇ ನೂಕಿಗೆ ತೆರೆಯಿತು.

“ಬಾ ಎಡ್ಗರ್, ಟೀ ಆರಿಹೋಗ್ತಿದೆ.”

ಟೀ ಆದಮೇಲೆ ತಿಂಗಳ ಸಭೆ. ಕಾರ್ಯದರ್ಶಿ ಡಾರ್ಕಸ್‌ಳ ಬಿನ್ನಹ ಓದಿ ಅಭ್ಯಾಸಬಲದಿಂದ ನನ್ನತ್ತ ನೋಡಿದ. ನಾನು ಏಳಲಿಲ್ಲ. ಅವನು ಇನ್ನಷ್ಟು ಕಾದ. ಕೊನೆಗೆ, “ಬಿಡುಗಡೆಗೆ ಎಲ್ಲರ ಒಪ್ಪಿಗೆಯಿದೆ,” ಎಂದು ಬರೆದುಕೊಂಡ.

“ಏನಪ್ಪಾ, ನಿನ್ನ ಆತ್ಮ ಕಕ್ಕಸಲ್ಲೇ ಉಳ್ಕೊಂಡ್ತಾ?” ಎಂದಳು ಮುದುಕಿ ಪ್ರೂಡೆನ್ಸ್.

ಎಲ್ಲರೂ ಹೋದಮೇಲೆ ಡಾರ್ಕಸ್ ಕಪ್ಪು ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ.

“ನಾನು ಬಾಗಿಲು ಬಡಿದಿದ್ದು ನಿನಗೆ ಕೇಳಿಸ್ಲೇ ಇಲ್ವಾ?”

“ಮೊದಲನೇ ಸಲಾನೇ ಕೇಳಿಸ್ತು.”

“ಮತ್ತೆ ಯಾಕೆ ಬಂದು ತೆಗೀಲಿಲ್ಲ?”

ಅವಳು ಮುಂದಿನ ಕಪ್ಪನ್ನು ನನ್ನ ಕೈಗಿತ್ತಳು.

“ನನ್ನ ಮನಸ್ಸಿಗೆ ಇನ್ನೂ ಸಮಾಧಾನ ಆಗಿರ್ಲಿಲ್ಲ.”